ಪ್ರೋಗ್ರಾಮ್ ಪರೀಕ್ಷೆಯ ಮೂರನೇ ಪ್ರಶ್ನೆ

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಮಧುಗಿರಿಯ ನಮ್ಮ ಅಂಕಿಅಂಶ ಕಚೇರಿಗೆ ಒಂದು ಕಂಪ್ಯೂಟರ್ ಬಂತು. ಚಪ್ಪಲಿ ಬಿಟ್ಟೇ ಅದರ ಕೋಣೆಗೆ ಹೋಗಬೇಕಿತ್ತು. ಬೆಂಗಳೂರಿನಲ್ಲಿ ಆರು ವಾರ ತರಬೇತಿ ಪಡೆದಿದ್ದವಳು ನಾನೊಬ್ಬಳೇ. ಒಂದು ದಿನ ಸಾಹೇಬರು ಕರೆದರು.

"ಪ್ರೋಗ್ರಾಮ್ ಬರೆಯೋಕೆ ಬರುತ್ತೆ ಅಂತ ಈಗ ಎಲ್ಲರೂ ಹೇಳ್ತಾರಮ್ಮ. ನಿಜವಾಗಿ ಯಾರಿಗೆ ಬರುತ್ತೆ? ಒಂದು ಪರೀಕ್ಷೆ ಮಾಡು. ಪಾಸಾದೋರಿಗೆ ಸರ್ಟಿಫಿಕೇಟ್ ಕೊಡೋಣ, ಅದಿದ್ದೋರು ಮಾತ್ರ ಮೆಷಿನ್ ಮುಟ್ಟಲಿ."

ಒಬ್ಬರಿಗೆ ಒಂದು ಕೆಲಸ ಬರುತ್ತದೆ ಎಂದು ತಿಳಿಯುವುದಾದರೂ ಹೇಗೆ? ಆ ಪ್ರಶ್ನೆ ನನ್ನ ತಲೆ ಹೊಕ್ಕಿತು. ಪರೀಕ್ಷೆ ಬರೆದು ಗೊತ್ತಿತ್ತೇ ಹೊರತು ಮಾಡಿ ಗೊತ್ತಿರಲಿಲ್ಲ. ಪ್ರೋಗ್ರಾಮ್ ಬರೆಯಲು ಮೂರು ಪ್ರಶ್ನೆ ಹಾಕಿದೆ. ಮಳೆಯ ಸರಾಸರಿ ಒಂದು, ರಾಗಿ ಇಳುವರಿಯ ಪಟ್ಟಿ ಒಂದು. ಮೂರನೆಯದಕ್ಕೆ ಹುಲಿಕುಂಟೆ ಹೋಬಳಿಯ ಹಳೆಯ ಜಾನುವಾರು ಗಣತಿಯನ್ನೇ ಕೊಟ್ಟು, ಊರಿಗೆ ಸರಾಸರಿ ಎಷ್ಟು ಕುರಿ ಎಂದು ಕೇಳಿದೆ.

ನಾಲ್ಕು ತಾಲ್ಲೂಕಿನಿಂದ ಒಂಬತ್ತು ಜನ ಬಂದರು. ಪಾವಗಡದಿಂದ ಬಂದಿದ್ದ, ನಡುವಯಸ್ಸಿನ ಟೈಪಿಸ್ಟ್ ಹೆಂಗಸೊಬ್ಬರು ಕೈ ಎತ್ತಿ, ತೆಲುಗು ಬೆರೆತ ಕನ್ನಡದಲ್ಲಿ ಕೇಳಿದರು.

"ಮೇಡಂ, ಒಂದೂರಿನ ಕಾಲಂ ಖಾಲಿ ಐತೆ. ಕುರಿನೇ ಇಲ್ಲಾ ಅಂತಾನಾ, ಲೇದಂಟೆ ಎಣಿಸೋಕೆ ಯಾರೂ ಹೋಗಿಲ್ಲಾ ಅಂತಾನಾ?"

ನಾನು ಅದನ್ನು ಗಮನಿಸಿಯೇ ಇರಲಿಲ್ಲ. "ಇದ್ದಷ್ಟಕ್ಕೆ ಬರೀರಿ" ಎಂದೆ. ಅವರು ಪೆನ್ನಿನ ಮುಚ್ಚಳ ಹಾಕಿ, ಆ ಉತ್ತರವನ್ನು ಬರೆಯದೆಯೇ ಪತ್ರಿಕೆ ಕೊಟ್ಟರು.

ಉಳಿದ ಎಂಟೂ ಉತ್ತರ ಒಂದೇ ಥರ ಇದ್ದವು. ನನ್ನ ತರಬೇತಿ ನೋಟ್ಸ್ ಕೈಯಿಂದ ಕೈಗೆ ಹೋಗಿತ್ತು. ನಾನು ಮಾಡಿದ್ದ ಸ್ಪೆಲಿಂಗ್ ತಪ್ಪೂ ಹಾಗೇ ಇತ್ತು. ಆ ಪ್ರೋಗ್ರಾಮ್ ಓಡಿಸಿದರೆ ಯಂತ್ರ ಖಾಲಿ ಜಾಗವನ್ನು ಸೊನ್ನೆ ಎಂದು ಓದಿಕೊಂಡು ಸರಾಸರಿಯನ್ನೇ ಇಳಿಸಿಬಿಡುತ್ತಿತ್ತು.

"ಆಯಮ್ಮ ಒಬ್ಬರೇ ಫೇಲ್ ಅಲ್ವಾ?" ಎಂದರು ಸಾಹೇಬರು. ಸಹಿ ಹಾಕಲು ನನಗೆ ಕೈ ಬರಲಿಲ್ಲ. ಮರುದಿನವೇ ಶಿರಾ ಬಸ್ಸು ಹತ್ತಿ ಆ ಊರು ಹುಡುಕಿಕೊಂಡು ಹೋದೆ. ದೊಡ್ಡಿಯ ಮುಂದೆ ಕೂತಿದ್ದ ಕುರಿ ಸಾಕುವ ಹೆಂಗಸನ್ನು ಗಣತಿಯ ಬಗ್ಗೆ ಕೇಳಿದೆ.

"ಕುರಿ ಇಲ್ದೆ ಏನು ಕಣಮ್ಮ! ಅವ್ರು ಬಂದಾಗ ನಮ್ಮೋರೆಲ್ಲ ಮಂದೆ ಹೊಡ್ಕಂಡು ಮೇವಿಗೆ ಹೋಗ್ಬುಟ್ಟಿದ್ರು. ಆಮ್ಯಾಕೆ ಬತ್ತೀವಿ ಅಂದೋರು ಬರ್ಲೇ ಇಲ್ಲ. ಬೇಕಾದ್ರೆ ಈಗ ಎಣಿಸ್ಕೋ."

ಎಣಿಸಿದೆ. ಕುರಿಗಳು ನಿಂತಲ್ಲಿ ನಿಲ್ಲಲಿಲ್ಲ. ಮೂರು ಸಲಕ್ಕೆ ಮೂರು ಲೆಕ್ಕ ಬಂತು. ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ವಿಷಯ ಕೇಳಿದ ಸಾಹೇಬರು ಬಹಳ ಹೊತ್ತು ಉತ್ತರಪತ್ರಿಕೆ ತಿರುವಿ, ಪರೀಕ್ಷೆ ರದ್ದು ಮಾಡಿದರು. ಹೊಸ ಪತ್ರಿಕೆಯನ್ನು ಪಾವಗಡದ ಆ ಟೈಪಿಸ್ಟ್ ಜೊತೆ ಕೂತು ಮಾಡು ಎಂದರು. ಆಕೆ ಮೊದಲು ಒಪ್ಪಲಿಲ್ಲ. "ನಾನು ಬರೀ ಟೈಪಿಸ್ಟು ಮೇಡಂ" ಎಂದರು. ಆಮೇಲೆ ಒಪ್ಪಿದರು. ಯಂತ್ರದ ಮುಂದೆಯೇ ಕೂರಿಸಬೇಕು, ದೋಷವಿರುವ ಅಂಕಿಗಳನ್ನೇ ಕೊಡಬೇಕು, ಅಭ್ಯರ್ಥಿ ಕೇಳುವ ಪ್ರಶ್ನೆಗೂ ಅಂಕ ಕೊಡಬೇಕು ಎಂದು ಇಬ್ಬರೂ ಸೇರಿ ನಿಯಮ ಮಾಡಿದೆವು.

"ನಿಮ್ಮಿಬ್ಬರ ಪರೀಕ್ಷೆ ಮಾಡೋರು ಯಾರು?" ಎಂದು ಸಾಹೇಬರು ಕೇಳಿದರು. ಒಬ್ಬರ ಪ್ರಶ್ನೆಯನ್ನು ಇನ್ನೊಬ್ಬರು ಬಿಡಿಸುವುದೆಂದಾಯಿತು. ಆಕೆ ನನ್ನ ಅಂಕಿಗಳಲ್ಲಿದ್ದ ಮೂರೂ ದೋಷಗಳನ್ನು ಕಾಫಿ ಆರುವಷ್ಟರಲ್ಲಿ ಹಿಡಿದರು. ನನಗೆ ಅವರು ಕೊಟ್ಟದ್ದು ಒಂದೇ ಊರಿನ ಮನೆವಾರು ಕುರಿ ಪಟ್ಟಿ. ಏನೂ ಕೇಳದೆ ಚಕಚಕನೆ ಬರೆದೆ. ಮೊತ್ತ ಬಂತು. ಆಕೆ ಪಟ್ಟಿಯ ಎರಡು ಸಾಲುಗಳ ಮೇಲೆ ಬೆರಳಿಟ್ಟರು.

"ಮೇಡಂ, ಈ ಎರಡು ಮನೆ ಅಣ್ಣತಮ್ಮಂದಿರದು. ಇಬ್ರದೂ ಒಂದೇ ಮಂದೆ. ಇಬ್ರೂ ಬರೆಸವ್ರೆ."

ನಮ್ಮ ಮೊದಲ ಸರ್ಟಿಫಿಕೇಟ್ ಅವರ ಹೆಸರಿಗೆ ಹೋಯಿತು. ನಾನು ಎರಡನೇ ಸಲ ಕೂತು ಪಾಸಾದೆ.