ಎಡಗಡೆ ಮ್ಯಾಟಿನ ಕೆಳಗಿನ ನೀರು

ನನ್ನ ಕಾರಿನೊಳಗೆ ನೀರು ನಿಲ್ಲುತ್ತಿದೆ ಎಂದು ಮೊದಲು ಕಂಡುಹಿಡಿದದ್ದು ನಮ್ಮ ಶಾಲೆಯ ವಿಜ್ಞಾನದ ಟೀಚರ ಪಾದಗಳು. ಅವರಿಗೆ ಗಾಡಿಯಲ್ಲಿ ಕೂತ ತಕ್ಷಣ ಚಪ್ಪಲಿ ಬಿಚ್ಚಿ ಕಾಲು ಚಾಚುವ ಅಭ್ಯಾಸ. ಅವತ್ತು ಶಿವಮೊಗ್ಗದ ಸೇತುವೆ ದಾಟುವಷ್ಟರಲ್ಲಿ ಕಾಲು ಮೇಲೆತ್ತಿಕೊಂಡು, "ಏನ್ರೀ ಇದು, ನಿಮ್ಮ ಕಾರಲ್ಲಿ ಗದ್ದೆ ಮಾಡಿದೀರಾ?" ಅಂದರು. ನಾನು ನಕ್ಕೆ. ಭದ್ರಾವತಿ ತಲುಪಿ ಎಡಗಡೆಯ ಮ್ಯಾಟ್ ಎತ್ತಿ ನೋಡಿದಾಗ ನಗು ನಿಂತಿತು. ಕೆಳಗಿನ ಕಾರ್ಪೆಟ್ ಒತ್ತಿದರೆ ನೀರು ಪಿಚಕ್ಕನೆ ಮೇಲೆ ಬರುತ್ತಿತ್ತು.

ನಾನು ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಮನೆ ಶಿವಮೊಗ್ಗದ ಹೊಸಮನೆಯಲ್ಲಿ. ದೂರವೇನೂ ಅಲ್ಲ, ಹತ್ತಿರವೇ. ಆದರೆ ಮನೆಯಿಂದ ಬಸ್ ಸ್ಟ್ಯಾಂಡಿಗೆ ಒಂದು ಆಟೋ, ಒಂಟಿ ಕಾಲಲ್ಲಿ ನಿಂತು ಒಂದು ಬಸ್ಸು, ಅಲ್ಲಿ ಇಳಿದು ಶಾಲೆಗೆ ಇನ್ನೊಂದು ಆಟೋ, ಸಂಜೆ ಇದೇ ಪಾಠ ಹಿಂದಿನಿಂದ ಮುಂದಕ್ಕೆ. ವರ್ಷಗಟ್ಟಲೆ ಹೀಗೆ ಓಡಾಡಿದ ಮೇಲೆ ಒಂದು ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. ಕಾರು ಬಂದ ಮೇಲೆ ಬೆಳಗಿನ ಕಾಫಿಯನ್ನು ಕೂತು ಕುಡಿಯುವ ಹಾಗಾಯಿತು. ಕಾರಿನ ಸುಖ ಏನು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಇದೊಂದೇ. ಇದು ಎಷ್ಟು ದೊಡ್ಡ ಮಾತು ಎಂಬುದು ನಿಂತು ಕಾಫಿ ಕುಡಿದವರಿಗೆ ಗೊತ್ತಾಗುತ್ತದೆ.

ನಮ್ಮ ಮನೆಯಲ್ಲಿ ನಾವು ಮೂರು ಜನ. ನಾನು, ನನ್ನ ಯಜಮಾನರು, ಅತ್ತೆ. ಯಜಮಾನರಿಗೆ ಊರೊಳಗೇ ಕೆಲಸ, ಬೈಕೇ ಸಾಕು. ಅತ್ತೆಗೆ ಕಾರೆಂದರೆ ಭಯ. ಅವರು ಅದರಲ್ಲಿ ಕೂರುತ್ತಿದ್ದದ್ದು ಮದುವೆ, ಆಸ್ಪತ್ರೆ ಅಂತಿದ್ದರೆ ಮಾತ್ರ. ಆದರೂ ದಿನಾ ಬೆಳಿಗ್ಗೆ ದೇವರ ಪೂಜೆ ಮುಗಿಸಿ ನೇರ ಕಾರಿನ ಹತ್ತಿರ ಬರುವರು. ಬಾನೆಟ್ಟಿನ ಮೇಲೆ ವಿಭೂತಿಯ ಮೂರು ಗೆರೆ, ಊದುಬತ್ತಿ, ಒಂದಿಷ್ಟು ಹೂವು ಪತ್ರೆ. ಆಯುಧಪೂಜೆಗೆ ಎಲ್ಲರೂ ಮಾಡುತ್ತಾರೆ, ಇವರಿಗೆ ದಿನವೂ ಆಯುಧಪೂಜೆ. ಇದು ನನ್ನ ಡ್ರೈವಿಂಗ್ ಮೇಲೆ ಮಂಡಿಸುವ ಅವಿಶ್ವಾಸ ನಿರ್ಣಯ ಅಂತಲೇ ನಾನು ತಿಳಿದಿದ್ದೆ. ಟೈಮಾಗುತ್ತಿದೆ ಅಂತ ನಾನು ಬೀಗದ ಕೈ ಕುಣಿಸುತ್ತ ನಿಂತರೂ ಅವರು ಅವಸರ ಮಾಡಿದವರಲ್ಲ.

ನೀರಿನ ಸುದ್ದಿ ಹರಡಿದ್ದೇ ತಡ, ಊರೆಲ್ಲ ವೈದ್ಯರಾದರು. ನಿಮಗೆ ಜ್ವರ ಬಂದರೆ ಜನ ಅಯ್ಯೋ ಪಾಪ ಅಂತಾರೆ. ಕಾರಿಗೆ ಜ್ವರ ಬಂದರೆ ಮಾತ್ರ ಪ್ರತಿಯೊಬ್ಬ ಗಂಡಸಿಗೂ ಮದ್ದು ಗೊತ್ತಿರುತ್ತದೆ. ಹೆಂಗಸಿನ ಕಾರಾದರಂತೂ ಮದ್ದಿನ ಜೊತೆಗೆ ಪ್ರವಚನವೂ ಉಂಟು. "ಗ್ಲಾಸ್ ಇಳಿಸಿ ಮರೆತಿರ್ತೀರಾ ಮೇಡಂ" ಅಂದವರನ್ನು ನಾನು ಇನ್ನೂ ಕ್ಷಮಿಸಿಲ್ಲ.

ಭದ್ರಾವತಿಯಲ್ಲಿ ಫ್ಯಾಕ್ಟರಿ ಕ್ವಾರ್ಟರ್ಸ್ ಕಡೆ ನಾನು ಗಾಡಿ ಬಿಡುವ ಮೆಕ್ಯಾನಿಕ್ ಇದ್ದಾರೆ. ಮನೆಮಾತು ತಮಿಳು, ಕನ್ನಡ ನಮಗಿಂತ ಜೋರು. ಮ್ಯಾಟ್ ಎತ್ತಿ ಮೂಸಿ ನೋಡಿದರು. "ಏಸಿ ಪೈಪು ಬ್ಲಾಕಮ್ಮಾ. ಹೊರಗೆ ಹೋಗೋ ನೀರು ಒಳಗೆ ಬರ್ತೈತೆ. ಈಗ ಬಿಟ್ಟೋಗಿ, ಸಾಯಂಕಾಲ ಎತ್ಕೊಂಡೋಗಿ" ಅಂದರು. ಸಂಜೆ ಗಾಡಿ ತಂದೆ. ನಾಲ್ಕಾರು ದಿನ ಒಣಗಿತ್ತು. ನಾನು ಸ್ಟಾಫ್ ರೂಮಿನಲ್ಲಿ ಆ ಮೆಕ್ಯಾನಿಕ್ಕನ್ನು ಹೊಗಳಿದ್ದೇ ಹೊಗಳಿದ್ದು. ಆಮೇಲೆ ಒಂದು ಮಧ್ಯಾಹ್ನ ಮಳೆ ಹೊಯ್ಯಿತು, ಸಂಜೆ ವಿಜ್ಞಾನದ ಟೀಚರು ಮತ್ತೆ ಕಾಲು ಮೇಲೆತ್ತಿಕೊಂಡರು.

ಮಳೆ ಬಂದರೆ ಮಾತ್ರ ನೀರು ಅಂದಮೇಲೆ ಏಸಿಯ ತಪ್ಪಲ್ಲ ಎಂದು ಅಷ್ಟು ತರ್ಕ ನನಗೂ ಹೊಳೆಯಿತು. ರಾಗಿಗುಡ್ಡದ ಕಡೆ ಗಾಜು ಕೂರಿಸುವವರ ಹತ್ತಿರ ಹೋದೆ. ಮುಂದಿನ ಗಾಜಿನ ಸುತ್ತಲಿನ ರಬ್ಬರ್ ಹಳತಾಗಿದೆ ಅಂತ ಅವರು ಸುತ್ತಲೂ ಅಂಟು ತುಂಬಿದರು. ಮುಂದಿನ ಮಳೆಗೆ ನೀರು ಮೊದಲಿಗಿಂತ ಜಾಸ್ತಿ ಬಂತು. ಕಾರಿನೊಳಗೆ ಕೊಳೆತ ವಾಸನೆ, ಒಳಗಿನ ಗಾಜೆಲ್ಲ ಮಂಜು. ನಾನು ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದು ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು ಬಿ.ಎಚ್. ರಸ್ತೆಯಲ್ಲಿ ಹೋಗುವುದನ್ನು ನೋಡಿದ್ದರೆ ಅತ್ತೆ ದಿನಕ್ಕೆರಡು ಪೂಜೆ ಮಾಡುತ್ತಿದ್ದರೋ ಏನೋ.

ಅಷ್ಟರಲ್ಲಿ ಯಜಮಾನರ ಅಣ್ಣ, ಅಂದರೆ ನಮ್ಮ ಭಾವ, ಮನೆಗೆ ಬಂದರು. ಅವರಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಇಲ್ಲ. ಡೋರ್ ತೆಗೆದು, ಸೀಟಿನ ಕೆಳಗಿನ ಕಂಬಿಗೆ ಹತ್ತಿದ ತುಕ್ಕನ್ನು ಬೆರಳಲ್ಲಿ ಕೆರೆದು, ತೀರ್ಪು ಕೊಟ್ಟರು.

"ಇದು ನೆರೆಯಲ್ಲಿ ಮುಳುಗಿ ಎದ್ದಿರೋ ಗಾಡಿ. ಒಣಗಿಸಿ, ಪಾಲಿಶ್ ಹೊಡೆದು ನಿಮಗೆ ದಾಟಿಸಿದಾರೆ. ಇವತ್ತು ನೀರು, ನಾಳೆ ವೈರಿಂಗ್ ಹೋಗುತ್ತೆ, ನಾಡಿದ್ದು ನಡುರಸ್ತೇಲಿ ನಿಲ್ಲುತ್ತೆ. ಮೊದ್ಲು ಸಾಗಹಾಕಿ."

ಕಾರು ಹೋದರೆ ಇನ್ನೊಂದು ಬರುವುದಿಲ್ಲ ಅಂತ ನನಗೆ ಗೊತ್ತಿತ್ತು. ಯಾರೂ ಬೇಡ ಅನ್ನುವುದಿಲ್ಲ, ನೋಡೋಣ ಅನ್ನುತ್ತಾರೆ. ನಮ್ಮ ಕಡೆ ನೋಡೋಣ ಅಂದರೆ ಆಯಿತು, ಮುಗಿಯಿತು ಅಂತ ಅರ್ಥ. ಮತ್ತೆ ಆ ಆಟೋ, ಆ ಬಸ್ಸು, ಆ ಒಂಟಿ ಕಾಲು. ನನ್ನ ಮೊಣಕಾಲು ಈಗ ಆಗಿನಂತಿಲ್ಲ. ಆದರೂ ಹಠಕ್ಕೆ ಬಿದ್ದು ವಾದ ಮಾಡೋಣ ಅಂದರೆ ಮ್ಯಾಟಿನ ಕೆಳಗೆ ನೀರು ಇದ್ದೇ ಇತ್ತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

ನನಗೆ ಸಿಟ್ಟು ಬಂದದ್ದು ಭಾವನ ಮೇಲಲ್ಲ. ಅವರ ಸ್ವಭಾವವೇ ಅದು. ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡು, "ಹೋಗ್ಲಿ ಬಿಡು, ಬಸ್ಸೇ ವಾಸಿ" ಅಂದುಬಿಟ್ಟರು. ಅಷ್ಟು ದಿನ ಪೂಜೆ ಮಾಡಿದ ಗಾಡಿಯನ್ನು ಬಿಟ್ಟುಬಿಡಲು ಅವರಿಗೆ ಒಂದು ನಿಮಿಷ ಸಾಕಾಯಿತಲ್ಲ ಅಂತ ನನಗೆ ಉರಿಯಿತು. ಆ ವಾರವೆಲ್ಲ ನಾನು ಅವರ ಜೊತೆ ಬೇಕಾದಷ್ಟೇ ಮಾತಾಡಿದೆ. ಸಾರಿಗೆ ಉಪ್ಪು ಸಾಕಾ ಅಂದರೆ ಸಾಕು ಅನ್ನುವಷ್ಟು.

ಭಾವನೇ ಗಿರಾಕಿಯನ್ನೂ ಹುಡುಕಿದರು. ಆಯನೂರಿನ ಕಡೆಯ ಅಡಿಕೆ ಬೆಳೆಗಾರರು, ತೋಟಕ್ಕೆ ಓಡಾಡಲು ಒಂದು ಹಳೇ ಗಾಡಿ ಬೇಕಿತ್ತಂತೆ. ನೀರು ಬರುತ್ತದೆ ಅಂತ ನಾನೇ ಫೋನಿನಲ್ಲಿ ಹೇಳಿದೆ. ಮುಚ್ಚಿಟ್ಟು ಮಾರುವುದು ನನ್ನಿಂದಾಗದು. "ಇರ್ಲಿ ಅಕ್ಕ, ಭಾನುವಾರ ಬಂದು ನೋಡ್ತೀನಿ" ಅಂದರು.

ಭಾನುವಾರ ಬೆಳಿಗ್ಗೆ ಅವರು ಬರುವುದಕ್ಕೆ ಮೊದಲು ಕಾರು ತೊಳೆಯಲು ನಿಂತೆವು. ಹೆಣ್ಣು ನೋಡಲು ಬರುವ ದಿನ ಮನೆ ಗುಡಿಸಿದ ಹಾಗೆ. ಮಾಮೂಲಿ ನಾನು ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಡುವವಳು, ಅವತ್ತು ಬೇಜಾರಿಗೆ ಬಕೆಟ್ ಬಕೆಟ್ ನೀರು ಎರಚುತ್ತಿದ್ದೆ. ಯಜಮಾನರು ಒಳಗೆ ಎಡಗಡೆ ಬಗ್ಗಿ, ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ಕಾರ್ಪೆಟ್ಟಿನ ನೀರು ಹಿಂಡುತ್ತಿದ್ದರು. ನಾನು ಒಂದು ಬಕೆಟ್ ಪೂರ್ತಿ ಮುಂದಿನ ಗಾಜಿಗೆ ಹೊಡೆದೆ. ಒಳಗಿನಿಂದ ಕೂಗು ಕೇಳಿತು.

"ಏ ಮಾರಾಯ್ತಿ, ನನ್ನ ತಲೆ ಮೇಲೆ ಯಾಕೆ ಹುಯ್ತಿದೀಯ!"

ಡೋರುಗಳೆಲ್ಲ ಮುಚ್ಚಿದ್ದವು, ಗಾಜುಗಳೂ ಮೇಲಿದ್ದವು. ಅವರು ತಲೆ ಹೊರಗೆ ತೆಗೆದಾಗ ಕೂದಲೆಲ್ಲ ಒದ್ದೆ, ಹಣೆಯ ಮೇಲೆ ಕಪ್ಪಗಿನ ಒಂದು ಎಸಳು ಅಂಟಿತ್ತು. ಅದನ್ನು ಬೆರಳಲ್ಲಿ ತೆಗೆದು ನೋಡಿದರು, ನನಗೂ ತೋರಿಸಿದರು. ಕೊಳೆತದ್ದು, ಆದರೆ ಹೂವಿನ ಎಸಳು. ಡ್ಯಾಶ್‌ಬೋರ್ಡಿನೊಳಗೆ ಹೂವು ಬಿಡುತ್ತದೆ ಅಂತ ನಾನು ಎಲ್ಲೂ ಓದಿರಲಿಲ್ಲ.

ಇಬ್ಬರೂ ಬಾನೆಟ್ ಎತ್ತಿದೆವು. ಗಾಜಿನ ಬುಡದಲ್ಲಿ, ವೈಪರ್ ಹುಟ್ಟುವ ಜಾಗದಲ್ಲಿ, ಪ್ಲಾಸ್ಟಿಕ್ಕಿನ ಒಂದು ಜಾಲರಿ ಇರುತ್ತದಲ್ಲ, ಅದನ್ನು ಯಜಮಾನರು ಕ್ಲಿಪ್ ತೆಗೆದು ಎಬ್ಬಿಸಿದರು. ಕೆಳಗಿನ ತೊಟ್ಟಿ ತುಂಬ ನೀರು. ಮಳೆ ನೀರು ಹರಿದು ಹೋಗಬೇಕಾದ ತೂತಿನ ಬಾಯಿಗೆ ಗೊಬ್ಬರದಂಥ ಕರಿ ಮುದ್ದೆ. ಕೈ ಹಾಕಿ ಎಳೆದೆ. ಬಿಲ್ವಪತ್ರೆ, ನಂದಿಬಟ್ಟಲು, ಸೇವಂತಿಗೆಯ ತೊಟ್ಟು, ಮತ್ತೆ ಬಾಳೆನಾರು, ಗಂಟು ಹಾಕಿದ ಬಾಳೆನಾರು. ಹೋಗಲು ದಾರಿಯಿಲ್ಲದ ನೀರು ಗಾಳಿ ಒಳಗೆ ಬರುವ ದಾರಿಯಿಂದ ಕಾರಿನೊಳಗೆ ಇಳಿಯುತ್ತಿತ್ತು. ನೆರೆಯೂ ಇಲ್ಲ, ಮೋಸವೂ ಇಲ್ಲ. ಹೂವು ಗಾಳಿಗೆ ಹಾರಿ ಜನರ ಕಾಲಡಿ ಬೀಳಬಾರದು ಅಂತ ಅತ್ತೆ ಅದನ್ನು ದಿನಾ ಆ ಜಾಲರಿಯ ಸಂದಿಯೊಳಗೆ ಸಿಕ್ಕಿಸುತ್ತಿದ್ದರು. ಕಂಕುಳಲ್ಲಿ ಕೂಸಿಟ್ಟುಕೊಂಡು ನಾನು ಎರಡು ಊರು ಹುಡುಕಿದ್ದೆ.

ಯಜಮಾನರು ಒಂದು ತಂತಿ ತಂದು ತೂತಿಗೆ ಹಾಕಿ ಆಡಿಸಿದರು. ಗುಳುಗುಳು ಅಂತ ಸದ್ದಾಗಿ ಮುಂದಿನ ಚಕ್ರದ ಹಿಂದಿನಿಂದ ನೀರು ರಸ್ತೆಗೆ ಬಿತ್ತು. ನಾನು ಚಪ್ಪಾಳೆ ಹೊಡೆದೇಬಿಟ್ಟೆ. ಅವರನ್ನು ಮತ್ತೆ ಒಳಗೆ ಬಗ್ಗಿಸಿ ನಾನು ಇನ್ನೊಂದು ಬಕೆಟ್ ಹೊಯ್ದೆ, ಮತ್ತೊಂದು ಹೊಯ್ದೆ.

"ಬಂತಾ?"

"ಇಲ್ಲ."

"ಈಗ?"

"ಒಂದು ಹನಿಯೂ ಇಲ್ಲ ಮಾರಾಯ್ತಿ, ಒಂದೇ ಒಂದು ಹನಿಯೂ ಇಲ್ಲ!"

ಎಷ್ಟು ಹಗುರಾಯಿತು ಅಂದರೆ, ಬೀದಿಯಲ್ಲಿ ನಿಂತು ಇಬ್ಬರೂ ಹುಚ್ಚರ ಹಾಗೆ ನಕ್ಕೆವು. ಎದುರು ಮನೆಯವರು ಕಿಟಕಿಯಿಂದ ಇಣುಕಿದರು.

ನಗು ಮುಗಿದ ಮೇಲೆ ಕೆಳಗೆ ಪೇಪರಿನ ಮೇಲೆ ಗುಡ್ಡೆ ಹಾಕಿದ್ದ ಕರಿ ಹೂವು ಕಣ್ಣಿಗೆ ಬಿತ್ತು. ಇದನ್ನು ಅತ್ತೆಗೆ ಹೇಳುವುದು ಹೇಗೆ? ಸಿಟ್ಟು ಎಷ್ಟೇ ಇರಲಿ, ನಿಮ್ಮ ಪೂಜೆಯಿಂದಲೇ ಗಾಡಿ ಕೆಟ್ಟಿದ್ದು ಅಂತ ಆ ವಯಸ್ಸಿನವರ ಮುಖ ನೋಡಿ ಹೇಳಲು ನನಗೆ ಬಾಯಿ ಬರಲಿಲ್ಲ. ಪೇಪರ್ ಮಡಚಬೇಕು ಅನ್ನುವಷ್ಟರಲ್ಲಿ ಅವರೇ ಕಾಫಿ ಹಿಡಿದು ಹೊರಗೆ ಬಂದರು.

"ಏನದು?"

"ಮರದ ಎಲೆ ಅಮ್ಮ" ಅಂದರು ಯಜಮಾನರು. ನಮ್ಮ ಬೀದಿಯಲ್ಲಿ ಮರವೇ ಇಲ್ಲ.

ಅತ್ತೆ ಲೋಟಗಳನ್ನು ಮೆಟ್ಟಿಲ ಮೇಲಿಟ್ಟು ಕುಕ್ಕರುಗಾಲಲ್ಲಿ ಕೂತರು. ಬಾಳೆನಾರು ಎತ್ತಿ, ಗಂಟನ್ನು ಬೆರಳಲ್ಲಿ ಸವರಿದರು. "ಇದು ನಾನು ಕಟ್ಟಿದ್ದು" ಅಂದರು. ಯಜಮಾನರು ಮೆಲ್ಲಗೆ ಎಲ್ಲ ಹೇಳಿದರು. ತೂತು, ನೀರು, ಜಾಲರಿ ಎಲ್ಲ. ಅವರು ಅಳುತ್ತಾರೆ ಅಂತ ನಾನು ಹೆದರಿದ್ದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು, ಉಸಿರು ಬಿಟ್ಟು, ನಕ್ಕರು.

"ಇಷ್ಟೇನಾ! ನಾನು ಏನೇನೋ ಅಂದ್ಕೊಂಡುಬಿಟ್ಟಿದ್ದೆ. ದಿನಾ ಪೂಜೆ ಮಾಡೋ ಗಾಡೀಲೇ ಹಿಂಗೆ ನೀರು ತುಂಬುತ್ತಲ್ಲ, ಇದು ಬೇಡ, ಇವಳನ್ನ ಕಳಿಸಬೇಡ ಅಂತ ದೇವ್ರೇ ಹೇಳ್ತಿದಾನೆ ಅಂತ ನನಗೆ ಹೆದ್ರಿಕೆ. ಅದಕ್ಕೇ ಬಸ್ಸು ವಾಸಿ ಅಂದಿದ್ದು." ಆಮೇಲೆ ನನ್ನ ಕಡೆ ತಿರುಗಿದರು. "ಆ ರಸ್ತೇಲಿ ಲಾರಿಗಳು ಹೆಂಗೆ ಬರ್ತವೆ, ನಾನು ನೋಡಿಲ್ವಾ? ಸಾಯಂಕಾಲ ನಿನ್ನ ಗಾಡಿ ಸದ್ದು ಕೇಳೋವರೆಗೂ ನನ್ನ ಜೀವ ಕೈಯಲ್ಲಿರುತ್ತೆ. ಬೇಡ ಅನ್ನಕ್ಕೆ ನಾನ್ಯಾರು. ನನ್ನ ಕೈಲಾಗೋದು ಎರಡು ಹೂವು."

ನಾನು ಕಾಫಿ ಲೋಟ ಎತ್ತಿಕೊಂಡೆ. ಒಂದು ವಾರ ಈ ಹೆಂಗಸಿನ ಮೇಲೆ ಮುಖ ಊದಿಸಿಕೊಂಡಿದ್ದೆನಲ್ಲ ಅನ್ನಿಸಿತು.

ಅಷ್ಟರಲ್ಲಿ ಆಯನೂರಿನವರು ಬಂದರು. ಒಳ್ಳೆಯ ಮನುಷ್ಯ, ಬರುವಾಗ ಒಂದು ಬಾಳೆಗೊನೆಯನ್ನೂ ತಂದಿದ್ದರು. ಅಷ್ಟು ದೂರದಿಂದ ಬಂದವರಿಗೆ ಮಾರುವುದಿಲ್ಲ ಅಂತ ಹೇಗೆ ಹೇಳುವುದು ಎಂದು ನಾನೂ ಯಜಮಾನರೂ ಮುಖ ಮುಖ ನೋಡಿಕೊಂಡೆವು. ಅವರು ಕಾರಿನ ಸುತ್ತ ಒಂದು ಸುತ್ತು ಬಂದು, ಬಾನೆಟ್ಟಿನ ಮೇಲೆ ಕೈಯಿಟ್ಟು, "ಗಾಡಿ ಚೆನ್ನಾಗೇ ಇಟ್ಕೊಂಡಿದೀರಲ್ಲ ಅಕ್ಕ, ಮತ್ಯಾಕೆ ಕೊಡ್ತಿದೀರಾ?" ಅಂದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮೆಟ್ಟಿಲಿಳಿದು ಬಂದರು.

"ಕೊಡಲ್ಲಪ್ಪ. ತಪ್ಪು ತಿಳ್ಕೋಬೇಡ, ಒಳಗೆ ಬಾ, ತಿಂಡಿ ತಿನ್ಕೊಂಡು ಹೋಗು. ನಮ್ಮ ಹುಡುಗಿ ನಾಳೆ ಸ್ಕೂಲಿಗೆ ಹೋಗ್ಬೇಕು, ಅವಳಿಗೆ ಇದು ಬೇಕು."

ಮದುವೆಯಾಗಿ ಬಂದಾಗಿನಿಂದ ನಾನು ಆ ಮನೆಯಲ್ಲಿ ಸೊಸೆ, ನೆಂಟರ ಎದುರಿಗೆ ಟೀಚರಮ್ಮ. ಹುಡುಗಿ ಅಂತ ಅವರು ಅಂದದ್ದು ಅವತ್ತೇ. ಬಂದವರಿಗೆ ತಟ್ಟೆ ತರುತ್ತೇನೆ ಅಂತ ಅಡುಗೆಮನೆಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತುಬಿಟ್ಟೆ.