ದಿನಕ್ಕೊಂದು ನೇಮಕಾತಿ

ಮರೆವಿನ ಕಾಯಿಲೆಯವರ ಆ ಆರೈಕೆ ಮನೆಯಲ್ಲಿ ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದ ಆಯಾ, ಒಂದೇ ಕೆಲಸಕ್ಕೆ ಒಂಬತ್ತು ವರ್ಷಗಳಲ್ಲಿ ಹತ್ತಿರ ಹತ್ತಿರ ಎರಡೂವರೆ ಸಾವಿರ ಸಲ ನೇಮಕಗೊಂಡವಳು. ಒಮ್ಮೆಯೂ ಕಾಯಂ ಆದವಳಲ್ಲ. ನೇಮಿಸುತ್ತಿದ್ದವರು ಏಳನೇ ಕೋಣೆಯ ನಿವೃತ್ತ ಮುಖ್ಯೋಪಾಧ್ಯಾಯಿನಿ. ಪ್ರತಿ ಬೆಳಿಗ್ಗೆ ಅವರಿಗೆ ಆಕೆ ಹೊಸಬಳು. ತಾವೇ ಸಂದರ್ಶಿಸಿ ಆರಿಸದವರ ಕೈಯಿಂದ ಅವರು ಸ್ನಾನ ಮಾಡಿಸಿಕೊಳ್ಳುತ್ತಿರಲಿಲ್ಲ. ಹಾಗಾಗಿ ಅಕ್ಕ ಬಾಗಿಲು ತಟ್ಟಿ, ಒಪ್ಪಿಗೆ ಪಡೆದು, ಸ್ಟೂಲಿನ ತುದಿಯಲ್ಲಿ ಕೂರುತ್ತಿದ್ದಳು. ಕೆಲವು ದಿನ ಅನುತ್ತೀರ್ಣಳಾಗಿ ಹೊರನಡೆದು, ಅರ್ಧ ಗಂಟೆ ಬಿಟ್ಟು ಎರಡನೇ ಅಭ್ಯರ್ಥಿಯಾಗಿ ಬರುವುದೂ ಇತ್ತು.

ಹೊಸ ಮ್ಯಾನೇಜರ್‌ಗೆ ಇದು ಸರಿಕಾಣಲಿಲ್ಲ. ಏಳೂವರೆಯೊಳಗೆ ಎಲ್ಲರ ಸ್ನಾನವೂ ಮುಗಿಯಬೇಕೆಂದು ವೇಳಾಪಟ್ಟಿ ಹೊರಡಿಸಿ, ಅಕ್ಕನನ್ನು ಬಟ್ಟೆ ಒಗೆಯುವ ಕೋಣೆಗೆ ಹಾಕಿದ.

"ಇದೇನು ನಾಟಕ ಕಂಪನಿನಾ?"

"ಅಲ್ಲ ಸಾರ್. ನಾಟಕದಲ್ಲಾದ್ರೆ ಮಾತು ಮೊದಲೇ ಗೊತ್ತಿರುತ್ತೆ."

ಸಂದರ್ಶನವಿಲ್ಲದೆ ಬಂದ ಯಾರನ್ನೂ ಮುಖ್ಯೋಪಾಧ್ಯಾಯಿನಿ ಮೂರು ದಿನ ಹತ್ತಿರ ಸೇರಿಸಲಿಲ್ಲ. ಸೊಂಟದ ಕೆಳಗೆ ಚರ್ಮ ಕೆಂಪಾಗಿದೆ, ಹೀಗೇ ಬಿಟ್ಟರೆ ಹುಣ್ಣಾಗುತ್ತದೆ ಎಂದು, ಅವರು ನಿದ್ದೆಯಲ್ಲಿದ್ದಾಗ ನೋಡಿದ ನರ್ಸ್ ಎಚ್ಚರಿಸಿದಳು. ನಾಲ್ಕನೆಯ ದಿನ ಮ್ಯಾನೇಜರ್ ವೇಳಾಪಟ್ಟಿ ಹಿಡಿದು ತಾನೇ ಒಳನುಗ್ಗಿದ.

"ಬಾಗಿಲು ತಟ್ಟೋದು ಮನೇಲಿ ಕಲಿಸಲಿಲ್ವಾ?"

ಆತ ಹೊರಬಂದು ತಟ್ಟಿದ.

"ಯಾವ ಹುದ್ದೆಗೆ?"

"ನಾನು ಇಲ್ಲಿನ ಮ್ಯಾನೇಜರ್, ಅಮ್ಮಾ."

"ಅದು ಖಾಲಿ ಇಲ್ವಲ್ಲಪ್ಪ, ನಾನಿದೀನಿ. ಅನುಭವ?"

"ಎರಡು ತಿಂಗಳು."

"ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕೆಲಸ ಯಾವುದು?"

ಆತ ಅರಿವಿಲ್ಲದೆ ಕೈಯಲ್ಲಿದ್ದ ಹಾಳೆ ನೋಡಿದ.

"ಕಾಪಿ ಹೊಡೆಯೋರಿಗೆ ಇಲ್ಲಿ ಜಾಗ ಇಲ್ಲ." ಅವರು ಹಾಳೆ ಕಿತ್ತುಕೊಂಡು ದಿಂಬಿನಡಿ ಸೇರಿಸಿದರು. "ಮುಂದಿನವರನ್ನ ಕಳಿಸು."

ಮ್ಯಾನೇಜರ್ ಒದ್ದೆ ಹಾಸಿಗೆವಸ್ತ್ರಗಳ ನಡುವೆ ನಿಂತಿದ್ದ ಅಕ್ಕನ ಬಳಿ ಬಂದ.

"ಮುಂದಿನವರನ್ನ ಕರೀತಿದಾರೆ."

"ಏಳೂವರೆ ದಾಟಿತಲ್ಲ ಸಾರ್?"

"ನೀವು ಬನ್ನಿ ಅಕ್ಕ."

ಆಕೆ ಕೈ ಒರೆಸಿಕೊಂಡು ಹೋಗಿ ಬಾಗಿಲು ತಟ್ಟಿದಳು. ಎಲ್ಲಕ್ಕಿಂತ ಮುಖ್ಯವಾದ ಕೆಲಸ ಯಾವುದೆಂಬ ಅದೇ ಪ್ರಶ್ನೆ ಬಂತು.

"ಕೇಳಿ ಮಾಡೋದು, ಮೇಡಂ. ನೀರು ಬಿಸಿ ಇರಲಾ, ಉಗುರು ಬೆಚ್ಚಗಾ?"

ಮುಖ್ಯೋಪಾಧ್ಯಾಯಿನಿ ತಲೆಯಾಡಿಸಿದರು.

"ಬೆಚ್ಚಗೆ. ಇವತ್ತೇ ಸೇರ್ಕೊ. ಆಚೆ ನಿಂತಿದಾನಲ್ಲ, ಅವನಿಗೂ ಏನಾದ್ರೂ ಕೆಲಸ ಕೊಡು ಪಾಪ."

ಸ್ನಾನ ಮುಗಿದು, ಕೆಂಪಾದಲ್ಲಿ ನರ್ಸ್ ಮುಲಾಮು ಹಚ್ಚುವಾಗ ಒಂಬತ್ತೂಕಾಲು. ಮ್ಯಾನೇಜರ್ ಅಷ್ಟು ಹೊತ್ತೂ ಟವೆಲ್ ಹಿಡಿದು ಬಾಗಿಲಾಚೆ ನಿಂತಿದ್ದ.

"ನಾಳೆಯಿಂದ ನೀವು ಮತ್ತೆ ಇಲ್ಲೇ, ಅಕ್ಕ."

"ಅದು ನಾಳೆ ಗೊತ್ತಾಗುತ್ತೆ, ಸಾರ್."