ಷಡ್ಡಕನ ಕೆಂಪು ಕೀಬೋರ್ಡು

ನನ್ನ ಷಡ್ಡಕನ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಕಾಲುವೆಯ ಕೆಸರು ಸದಾ ಕಪ್ಪಗೆ ಕೂತಿರುತ್ತಿತ್ತು. ಮದುವೆಮನೆ ಊಟಕ್ಕೆ ಸೋಪು ಹಾಕಿ ತಿಕ್ಕಿಕೊಂಡು ಬಂದರೂ ಹೋಗುತ್ತಿರಲಿಲ್ಲ. ಆ ಕೈ ಎಲೆಯ ಮೇಲೆ ಕಂಡರೆ ಸಾಕು, ನಮ್ಮ ಮಾವ ಇನ್ನೊಮ್ಮೆ ತುಪ್ಪ ಬಡಿಸಿ ಎನ್ನುತ್ತಿದ್ದರು. ನನ್ನ ಎಲೆಗೆ ನಾನೇ ಕೇಳಬೇಕಿತ್ತು.

ಹಿರಿಯ ಅಳಿಯ ನಾನು. ಹಾಸನದಲ್ಲಿ ನನ್ನದೇ ಕಂಪ್ಯೂಟರ್ ಅಂಗಡಿಯಿದೆ. ಅವನು ಚನ್ನರಾಯಪಟ್ಟಣದ ಕಡೆಯವನು. ನೀರು ನಿಲ್ಲಿಸಿದಾಗ ಕಾಲುವೆ ಸುರಂಗಗಳಿಗೆ ಇಳಿದು ಬಿರುಕು ಹುಡುಕುವ ಕೆಲಸ. ಹೊಳೆನರಸೀಪುರದಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದ ಮಾವ, ನಾನು ಏನೇ ಹೇಳಿದರೂ ಪೂರ್ತಿ ಕೇಳಿಸಿಕೊಂಡು, ಕೊನೆಗೆ ಒಂದೇ ಮಾತು ಹೇಳುತ್ತಿದ್ದರು: "ಚಿಕ್ಕಳಿಯಂದ್ರು ಏನಂತಾರೆ, ಕೇಳಿದ್ರಾ?" ಅದನ್ನು ಕೇಳಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು.

ನೀರು, ಧೂಳು, ಬಿದ್ದ ಪೆಟ್ಟು ಎಲ್ಲ ತಡೆಯುವ ಗಟ್ಟಿ ಲ್ಯಾಪ್‌ಟಾಪ್ ಬೇಕೆಂದು ಅವನು ಅಂಗಡಿಗೆ ಬಂದಾಗ, ಈ ಸಲವಾದರೂ ನನ್ನ ಮಾತು ನಡೆಯುತ್ತದೆಂದು ಹಿಗ್ಗಿದೆ. ಪ್ರತಿ ಕೀಲಿಯ ಕೆಳಗೂ ಬೇರೆ ಬೇರೆ ಬಿಳಿ ದೀಪವಿರುವ ಕೀಬೋರ್ಡಿನ ಲ್ಯಾಪ್‌ಟಾಪನ್ನು ತೋರಿಸಿದೆ. ಅವನು ಮಂಕು ಕೆಂಪು ದೀಪದ, ರಬ್ಬರ್ ಕೀಲಿಗಳದ್ದನ್ನು ಎತ್ತಿಕೊಂಡ.

"ಅಣ್ಣ, ಬಿರುಕು ನೋಡೋವಾಗ ಎಲ್ಲಾ ಲೈಟೂ ಆರ್ಸಿ, ಒಂದೇ ಟಾರ್ಚ್ನ ಗೋಡೆಗೆ ಓರೆಯಾಗಿ ಬಿಡ್ತೀವಿ. ಬಿಳಿ ಬೆಳಕು ಕಣ್ಣಿಗೆ ಒಡುದ್ರೆ ಆಮೇಲೆ ಬಿರುಕು ಕಾಣಾಕಿಲ್ಲ ಕಣಣ್ಣ."

ನನ್ನ ಅಂಗಡಿಯಲ್ಲೇ, ನನ್ನ ಸರಕಿನ ಬಗ್ಗೆ ನನಗೇ ಪಾಠ.

ಬಿರುಕಿನ ವರದಿಯಲ್ಲಿ ಊರುಗಳ ಹೆಸರನ್ನು ಕನ್ನಡದಲ್ಲೇ ಬರೆಯಬೇಕಲ್ಲ, ಅದಕ್ಕೆ ಅವನು ಮನೆಯಲ್ಲಿ ಕೂತು ಕೀಲಿಗಳ ಮೇಲೆಲ್ಲ ಕನ್ನಡ ಅಕ್ಷರದ ಸ್ಟಿಕ್ಕರ್ ಅಂಟಿಸಿದ. ಸುರಂಗದೊಳಗೆ ತೆರೆದರೆ ಕೀಲಿಗಳ ಅಂಚು ಮಾತ್ರ ಕೆಂಪಗೆ. ಸ್ಟಿಕ್ಕರ್ ದಾಟಿ ಬೆಳಕು ಬರದೆ ಅಕ್ಷರ ಒಂದೂ ಕಾಣಲಿಲ್ಲವಂತೆ. ಸುದ್ದಿ ಕೇಳಿ ಅಂದು ಮನೆಯಲ್ಲಿ ಪಾಯಸ ಮಾಡಿಸಿದೆ. ಇದು ಮಾವನ ಕಿವಿಗೆ ಬೀಳಲಿ ಎಂದು ಕಾದೆ. ಗೌರಿ ಹಬ್ಬದ ಊಟದಲ್ಲಿ ಅವನೇ, ಕತ್ತಲಲ್ಲಿ 'ಕ' ಹುಡುಕಿ ತಡಕಾಡಿದ್ದನ್ನು ಎಲೆಯ ಮುಂದೆ ಅಭಿನಯಿಸಿ ತೋರಿಸಿದ. ಮಾವ ಬಿಕ್ಕಳಿಕೆ ಬರುವಷ್ಟು ನಕ್ಕು, ತುಪ್ಪ ಬಡಿಸಿ ಎಂದರು. ತಪ್ಪು ಮಾಡಿಯೂ ಮೆಚ್ಚುಗೆ ಗಿಟ್ಟಿಸುವವನ ಜೊತೆ ಹೇಗೆ ಏಗುವುದು?

ಮರುವಾರ ಅಂಗಡಿಗೆ ಬಂದು, "ಅಕ್ಸರದ ಕೆಲ್ಸ ನಿಮ್ದೇ ಕಣಣ್ಣ, ನಂಗೆ ತಿಳ್ಯಾಕಿಲ್ಲ" ಎಂದ. ಕನ್ನಡ ಅಕ್ಷರದೊಳಗಿಂದಲೇ ಬೆಳಕು ಹಾಯುವ ಕೀಲಿಗಳನ್ನು ಹುಡುಕಿ ತರಿಸಿ ಹಾಕಿಕೊಟ್ಟೆ. ಅಂಗಡಿಯ ಶಟರ್ ಅರ್ಧ ಎಳೆದು ಅವನೇ ಕತ್ತಲು ಮಾಡಿ ನೋಡಿದ. ಆ ಕೆಂಪು 'ಕ'ವನ್ನು ಅರಕಲಗೂಡಿನವರೆಗೂ ಹೊತ್ತು, ನಮ್ಮಣ್ಣ ಮಾಡಿದ್ದು ಎಂದು ನೆಂಟರಿಗೆಲ್ಲ ತೋರಿಸಿಕೊಂಡು ಬಂದನಂತೆ.

ಹೋದ ವರ್ಷ ಎದೆನೋವೆಂದು ಕೂತವನು ಏಳಲಿಲ್ಲ. ಅವನಿಗಾಗಿ ಅಷ್ಟು ಅಳುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಮೊನ್ನೆ ಮಾವ ದೃಷ್ಟಿ ಮಂಕಾಗಿದೆ, ಟೈಪು ಮಾಡಲು ದೀಪವಿರುವ ಕೀಬೋರ್ಡು ಬೇಕೆಂದರು. ಕೆಂಪು ದೀಪದ್ದು, ಬಿಳಿ ದೀಪದ್ದು ಎರಡನ್ನೂ ಒಯ್ದು ಮುಂದಿಟ್ಟೆ. ಕೆಂಪು ಬೆಳಕು ಕತ್ತಲಲ್ಲಿ ದುಡಿಯುವವರಿಗೆ, ವಯಸ್ಸಾದ ಕಣ್ಣಿಗೆ ಬಿಳಿಯೇ ವಾಸಿ ಎಂದು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು.

"ಚಿಕ್ಕಳಿಯಂದ್ರು ಏನಂತಾರೆ, ಕೇಳಿದ್ರಾ?"

ಅಂದವರೇ ತಲೆ ತಗ್ಗಿಸಿದರು.

"ಕೇಳಿದ್ದೆ ಮಾವ," ಎಂದೆ. "ನಿಮ್ಮ ಕಣ್ಣಿಗೆ ಬಿಳೀದೇ ಕೊಡಿ ಅಂದಿದ್ರು."

"ಹಂಗಾದ್ರೆ ಅದ್ನೇ ಹಾಕ್ಕೊಡಿ" ಎಂದರು ಮಾವ.